ಗೋಡೆಗೆ ಕೊಟ್ಟ ಅಳತೆ

“ಗೋಡೆ ಅಳೀರಿ ಸಾರ್, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಒರಗಿಸಿ ಮನುಷ್ಯರನ್ನ ಅಳೀಬೇಡಿ,” ಎಂದ ಮುದುಕ ಕಲ್ಲುಕುಟಿಗ. ಕೋಟೆಯ ಮುರಿದ ಮೆಟ್ಟಿಲುಗಳನ್ನು ಸರಿಮಾಡುವುದು ಅವನ ಕೆಲಸ. ಉಳಿ ಕೆಳಗಿಟ್ಟು, ಸರ್ವೇಯರ್‌ನ ತಂಗಿಯ ಕಡೆ ನೋಡುತ್ತಲೇ ಹೇಳಿದ.

ಸರ್ವೇಯರ್ ನಕ್ಕ. ಈ ಬೆಟ್ಟ ಹತ್ತಿಳಿಯಲು ಶುರುಮಾಡಿದ ಮೂರು ವಾರಗಳಲ್ಲಿ ಅವನಿಗೆ ನಗು ಬಂದದ್ದು ಇದೇ ಮೊದಲು. “ಯಾಕೆ ಯಜಮಾನ್ರೇ, ಗೋಡೆಗೆ ನಾಚಿಕೆನಾ?”

“ಇದನ್ನ ಕಟ್ಟೋವಾಗ ಏಳನೇ ಕೊತ್ತಲ ನಿಲ್ತಾನೇ ಇರಲಿಲ್ವಂತೆ. ದೊರೆ ಮಾಟಗಾರನ್ನ ಕರೆಸಿದ. ಅವನು ಕಲ್ಲುಕೆಲಸದವನ ಹೆಂಡ್ತೀನ ಗೋಡೆಗೆ ಒರಗಿಸಿ, ದಾರದಲ್ಲಿ ಅವಳ ಎತ್ತರ ಅಳೆದು, ಆ ದಾರಾನ ಗಾರೆಯೊಳಗೆ ಹಾಕಿ ಮುಚ್ಚಿದ. ಗೋಡೆ ನಿಂತ್ಕೊಂತು. ಸಂಜೆ ಹೊತ್ತಿಗೆ ಅವಳು ಇರಲಿಲ್ಲ.”

“ಸತ್ತುಹೋದಳಾ?”

“ಸತ್ತಿದ್ರೆ ಹೆಣ ಇರ್ತಿತ್ತಲ್ಲ ಸಾರ್.” ಮುದುಕ ಉಳಿ ಎತ್ತಿಕೊಂಡ. “ಅಷ್ಟು ಹಳೇ ದಾರ. ಇಷ್ಟೊತ್ತಿಗೆ ಕೊಳೆತಿರುತ್ತೆ. ಗೋಡೆಗೆ ಈಗ ಅಳತೆ ಕಮ್ಮಿ ಬಿದ್ದಿದೆ.”

“ನಮಗೂ ಅದೇ ಕಮ್ಮಿ ಬಿದ್ದಿರೋದು, ಅದಕ್ಕೇ ಇಲ್ಲಿ ಸಾಯ್ತಿರೋದು,” ಎಂದು ಗೊಣಗಿ ಸರ್ವೇಯರ್ ಮೆಟ್ಟಿಲು ಹತ್ತಿದ.

ಅದು ಸುಳ್ಳೂ ಅಲ್ಲ. ಕೋಟೆಯನ್ನು ಒಂದು ಸುತ್ತು ಅಳೆದು ಹೊರಟ ಕಲ್ಲಿಗೇ ಮರಳಿ ಬಂದರೆ ಲೆಕ್ಕ ಕೂಡಬೇಕು. ಬೆರಳಷ್ಟು ಹೆಚ್ಚುಕಮ್ಮಿಯಾದರೆ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ಇವನದು ಪ್ರತಿಸಲವೂ ಐದಡಿ ಚಿಲ್ಲರೆ ಕಮ್ಮಿ. ಟೇಪು ಬದಲಾಯಿಸಿದ, ದಿಕ್ಕು ಬದಲಾಯಿಸಿದ, ಊಟ ಬಿಟ್ಟು ಅಳೆದ. ಐದಡಿ ಚಿಲ್ಲರೆ. ಎರಡು ಸಲ ನಕ್ಷೆ ಕೆಂಪು ಗೀಟು ಹೊತ್ತು ವಾಪಸ್ಸು ಬಂತು. ಇಪ್ಪತ್ತು ವರ್ಷ ಸರ್ವೀಸಾದವನಿಗೆ ಟೇಪು ಹಿಡಿಯಲು ಬರುವುದಿಲ್ಲವೇ ಎಂದು ಸಾಹೇಬರು ಎಲ್ಲರೆದುರು ಕೇಳಿದರು. ಅದಕ್ಕೇ ಇವತ್ತು, ಅದೇ ಆಫೀಸಿನಲ್ಲಿ ನಕ್ಷೆ ಬರೆಯುವ ತಂಗಿಯನ್ನೂ ಜೊತೆಗೆ ಎಳೆದುಕೊಂಡು ಬಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮತ್ತೆ ಕೈಕೊಟ್ಟಿತು. ಸಿಟ್ಟು ನೆತ್ತಿಗೇರಿ ಅವನು ಅಳತೆಕೋಲನ್ನು ಕಲ್ಲಿಗೆ ಬಡಿದ. ಅದು ಎರಡು ತುಂಡಾಯಿತು.

“ಶಹಬ್ಬಾಸ್,” ಎಂದಳು ತಂಗಿ. “ಇನ್ನು ಫೋಟೋದಲ್ಲಿ ಗೋಡೆ ಪಕ್ಕ ಏನು ನಿಲ್ಲಿಸ್ತೀಯ? ನಿನ್ನ ಸಿಟ್ಟನ್ನಾ?”

ಹಳೆಯ ಕಟ್ಟಡದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಎತ್ತರ ಗೊತ್ತಿರುವ ಏನಾದರೂ ಇರಬೇಕು. ಇಲ್ಲದಿದ್ದರೆ ಗೋಡೆ ಹತ್ತಡಿಯೋ ನಲವತ್ತಡಿಯೋ ತಿಳಿಯದು. ಕೋಲು ಮರೆತುಬಂದ ದಿನ ಆಫೀಸಿನವರೆಲ್ಲ ಮಾಡುವುದು ಒಂದೇ.

“ನೀನೇ ನಿಲ್ಲು. ನಿನ್ನೆತ್ತರ ನನಗೆ ಗೊತ್ತಿಲ್ವಾ?”

ಗೊತ್ತಿರದೆ ಏನು? ಚಿಕ್ಕವಳಿದ್ದಾಗ ಪ್ರತಿ ಹುಟ್ಟುಹಬ್ಬಕ್ಕೂ ಅವಳನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದವನು ಅವನೇ.

“ಆ ಅಜ್ಜ ಬೇಡ ಅಂದ್ರಲ್ಲೋ ಅಣ್ಣ.”

“ಅಜ್ಜ ಬಂದು ಸಾಹೇಬರಿಗೆ ಉತ್ತರ ಹೇಳ್ತಾನಾ?”

“ನಿನ್ನೆತ್ತರ ಯಾಕೆ ಕೊಡಲ್ಲ? ಓ, ಐದಡಿ ಏಳಿಂಚು ಅಂತ ಎಲ್ಲ ಫಾರಮ್ಮಿನಲ್ಲೂ ಬರೀತೀಯಲ್ಲ, ಷೂ ಬಿಚ್ಚಿದ್ರೆ ಐದಡಿ ಐದೂವರೆ ಇಂಚು. ಅದಕ್ಕೇ ಲೆಕ್ಕ ತಪ್ಪೋದು!”

“ಬಾಯ್ಮುಚ್ಚಿ ನಿಲ್ಲು.”

ಫೋಟೋ ಬಾಕಿ ಇದ್ದದ್ದು ಏಳನೇ ಕೊತ್ತಲದ ಒಳಕೋಣೆಯದು. ಅಲ್ಲಿ ಹಗಲಲ್ಲೂ ಕತ್ತಲೆ. ಬಾವಲಿ ಹಿಕ್ಕೆಯ ಘಾಟು. ಅದರಡಿಯಲ್ಲಿ ಇನ್ನೊಂದು ವಾಸನೆ: ಈಗತಾನೆ ಕಲಸಿದ ಹಸಿ ಗಾರೆಯದು. ನೂರಾರು ವರ್ಷದ ಗೋಡೆಯಿಂದ ಅದು ಹೇಗೆ ಬರುತ್ತದೆಂದು ಯೋಚಿಸುವ ತಾಳ್ಮೆ ಅವನಿಗಿರಲಿಲ್ಲ. ಅವಳನ್ನು ಗೋಡೆಗೆ ಒರಗಿಸಿ, ನೆತ್ತಿಯ ಮಟ್ಟಕ್ಕೆ ಸೀಮೆಸುಣ್ಣದ ಗೀಟೆಳೆದು, ಫ್ಲಾಷ್ ಹಾಕಿ ಫೋಟೋ ತೆಗೆದ. ‘ಐದಡಿ ಎರಡಿಂಚು’ ಎಂದು ಗಟ್ಟಿಯಾಗಿ ಹೇಳಿ ಪುಸ್ತಕದಲ್ಲಿ ಬರೆದ. ಗೋಡೆಯೊಳಗೆ ಎಲ್ಲೋ ಮರಳು ಉದುರಿದ ಸದ್ದಾಯಿತು.

ಇನ್ನೊಂದೇ ಸಲ ಎಂದು ಇಬ್ಬರೂ ಟೇಪು ಹಿಡಿದು ಕೋಟೆ ಸುತ್ತಿದರು. ಕೂಡಿದ. ಮತ್ತೆ ಕೂಡಿದ. ವ್ಯತ್ಯಾಸ ಸೊನ್ನೆ. ಬೆರಳಷ್ಟಲ್ಲ, ಕೂದಲೆಳೆಯಷ್ಟೂ ಇಲ್ಲ. “ಕೂಡ್ತು ಕಣೇ!” ಎಂದು ಕುಣಿದಾಡಿದ.

“ಅಣ್ಣ, ನನ್ನ ಷೂ ಸಡಿಲ ಆಗಿದೆ.”

ತಿರುಗಿ ನೋಡಿದ. ಷೂ ಮಾತ್ರವಲ್ಲ. ಅಂಗಿಯ ತೋಳು ಅವಳ ಬೆರಳುಗಳನ್ನು ಮುಚ್ಚಿತ್ತು. ಬೆಳಿಗ್ಗೆ ಅವನ ಕಿವಿಯ ತನಕ ಬರುತ್ತಿದ್ದವಳು ಈಗ ಭುಜದ ಕೆಳಗಿದ್ದಳು.

ಅವಳ ಕೈ ಹಿಡಿದು ಒಳಕೋಣೆಗೆ ಓಡಿದ. ಗೀಟಿನ ಕೆಳಗೆ ನಿಲ್ಲಿಸಿದ. ಗೀಟಿಗೂ ನೆತ್ತಿಗೂ ನಡುವೆ ಒಂದು ಗೇಣು. ನೋಡುತ್ತಿದ್ದಂತೆಯೇ ಇನ್ನೂ ನಾಲ್ಕು ಬೆರಳು. ಗೀಟು ಒರೆಸಿದ. ಸುಣ್ಣ ಹೋಯಿತು, ಕಲ್ಲಿನ ಮೇಲೆ ಗೀಟು ಹಾಗೇ ಉಳಿಯಿತು. ಪುಸ್ತಕದ ಹಾಳೆ ಹರಿದು ಚೂರುಚೂರು ಮಾಡಿದ. ಏನೂ ಆಗಲಿಲ್ಲ. ಗೋಡೆಯನ್ನು ಒದ್ದ. ಕಾಲು ನೊಂದಿತು, ಅಷ್ಟೇ. ಇಪ್ಪತ್ತು ವರ್ಷ ಅಳೆದ ಕೈಗೆ ಒಂದೇ ಒಂದು ಅಳತೆ ಅಳಿಸಲು ಬರುತ್ತಿಲ್ಲವಲ್ಲ ಎಂದು ಅಳು ಬಂತು.

ಕೂಗು ಕೇಳಿ ಬಂದ ಮುದುಕ ಹೊಸ್ತಿಲು ದಾಟಲಿಲ್ಲ.

“ಕೊಟ್ಟಿದ್ದು ವಾಪಸ್ ಬರಲ್ಲ ಸಾರ್. ಅದರ ಬದಲು ಬೇರೆಯವರದು ಕೊಡಬೇಕು. ಬೆನ್ನು ಗೋಡೆಗಿಟ್ಟು, ತಮ್ಮ ಅಳತೆ ತಾವೇ ಬಾಯಿಬಿಟ್ಟು ಹೇಳಬೇಕು. ಹಾಗೆ ಕೊಟ್ಟಿದ್ದನ್ನ ತಕ್ಷಣ ತಗೊಳ್ಳುತ್ತೆ.”

“ನೀವು...”

“ನನಗೂ ಮನೆ ಇದೆ ಸಾರ್,” ಎಂದು ಮುದುಕ ಮುಖ ತಿರುಗಿಸಿದ.

ಅವಳು ಈಗ ಅವನ ಸೊಂಟದೆತ್ತರ. ಅಡುಗೆಮನೆ ಬಾಗಿಲಿನ ಆರನೆಯ ಗೀಟಿನಷ್ಟು. ಅಂಗಿಯೊಳಗೆ ಮುಳುಗಿಹೋಗಿದ್ದಳು. “ಬೇಡ ಅಣ್ಣ. ಬೇಡ.” ದನಿಯೂ ಸಣ್ಣದಾಗಿತ್ತು.

ಅವನು ಯೋಚಿಸಲಿಲ್ಲ. ಗೋಡೆಗೆ ಬೆನ್ನು ಕೊಟ್ಟ. ಕಲ್ಲು ತಣ್ಣಗಿತ್ತು. ಬಾಯಿ ತೆರೆದ. ಫಾರಮ್ಮುಗಳಲ್ಲಿ, ಮದುವೆ ಮಾತುಕತೆಗಳಲ್ಲಿ, ದರ್ಜಿಯ ಅಂಗಡಿಯಲ್ಲಿ ಎಷ್ಟೋ ವರ್ಷ ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿದ್ದ ಮಾತು ತಾನಾಗಿಯೇ ಹೊರಬಿತ್ತು.

“ಐದಡಿ ಏಳಿಂಚು.”

ಮರಳು ಉದುರಿತು. ಬೆನ್ನು ಅಂಟಿತು. ಹಿಮ್ಮಡಿ ಅಂಟಿತು. ಹಸಿ ಗಾರೆ ಮೂಗಿಗೆ ಬಂತು. ಕಿವಿಗೆ ಬಂತು. ಉಸಿರಿಲ್ಲ. ಆದರೂ ಕಣ್ಣಿತ್ತು. ಎದುರಿಗೆ ತಂಗಿ ಬೆಳೆಯುತ್ತಿದ್ದಳು. ಸೊಂಟ. ಎದೆ. ಭುಜ. ತೋಳಿನಿಂದ ಬೆರಳು ಹೊರಬಂತು. ಅವನಿಗೆ ಸಂತೋಷವಾಯಿತು, ಜೀವಮಾನದಲ್ಲಿ ಎಂದೂ ಆಗದಷ್ಟು.

ಅವಳು ಅಳುತ್ತ ಬಂದು ಅವನು ನಿಂತಿದ್ದ ಜಾಗವನ್ನು ತಡವಿದಳು, ಉಗುರಿನಿಂದ ಕೆರೆದಳು. ಅಲ್ಲಿ ಬರೀ ಕಲ್ಲಿತ್ತು. ಅವಳ ನೆತ್ತಿ ಹಳೆಯ ಗೀಟಿನ ಹತ್ತಿರ ಏರಿತು.

ಗೀಟು ಮುಟ್ಟುವ ಮುನ್ನ ನಿಂತಿತು.

ಅವನ ಕಣ್ಣು ತಾನಾಗಿಯೇ ಅಳೆಯಿತು. ಒಂದೂವರೆ ಇಂಚು. ಅವನು ಸುಳ್ಳಾಗಿ ಸೇರಿಸಿ ಹೇಳಿದ್ದೂ ಅಷ್ಟೇ. ತನಗೆ ಕಮ್ಮಿ ಬಿದ್ದುದನ್ನು ಗೋಡೆ ಅವಳಿಂದ ಹಿಡಿದುಕೊಂಡಿತ್ತು. ಐದೂವರೆ ಇಂಚು, ಐದಡಿ ಐದೂವರೆ ಇಂಚು ಎಂದು ಕೂಗಲು ಅವನು ಹೆಣಗಾಡಿದ. ಬಾಯಿಯ ತುಂಬ ಗಾರೆ ಒಣಗಿತ್ತು.

ಮುದುಕ ಅವಳನ್ನು ಹೊರಗೆ ಕರೆದುಕೊಂಡು ಹೋದ. ಹೊಸ್ತಿಲ ಬಿಸಿಲಿನಲ್ಲಿ ಅವಳು ನಿಂತು, ಕೈ ಮೇಲೆ ಇಳಿದಿದ್ದ ಅಂಗಿಯ ತೋಳನ್ನು ಒಂದು ಸುತ್ತು ಮಡಚಿಕೊಂಡಳು.