ನರಳುವ ಬಾಲ್ಕನಿ

ಹಾರ್ಜೊನೊ ತನ್ನ ಹೊಸ ಮನೆಯ ಬಾಲ್ಕನಿಯ ಸಮೇತ ಕೆಳಗೆ ಬಿದ್ದು ಸತ್ತ. ಹೆರಿಗೆಯಲ್ಲಿ ತೀರಿಕೊಂಡಿದ್ದ ಅವನ ಮೊದಲ ಹೆಂಡತಿಯೇ ದೆವ್ವವಾಗಿ ಬಂದು ಕರೆದೊಯ್ದಳೆಂದು ಸೆಮಾರಾಂಗ್ ನಗರದ ಆ ಬೀದಿಯವರೆಲ್ಲ ತೀರ್ಮಾನಿಸಿಬಿಟ್ಟರು. ಮುಸ್ಸಂಜೆಯಾದರೆ ಬಾಲ್ಕನಿಯಲ್ಲಿ ಯಾರೋ ನರಳುತ್ತಾರೆಂದು ಎರಡನೆಯ ಹೆಂಡತಿ ನಿಂಗ್ಸಿ ಮೊದಲಿನಿಂದಲೂ ಹೇಳುತ್ತಿದ್ದಳು.

ಪೊಲೀಸರು ದೆವ್ವವನ್ನು ನಂಬಲಿಲ್ಲ. ಮೇಸ್ತ್ರಿ ಗಿಯಾರ್ತೊನ ಮೇಲೆ ಕಣ್ಣಿಟ್ಟರು. ಅವನು ಓಡಿಬಂದು ಬು ಮುರ್ನಿಯ ಜಗಲಿಯಲ್ಲಿ ಕುಸಿದು ಕುಳಿತ. ಕುಸಿದ ಕಟ್ಟಡಗಳ ತನಿಖೆಯಲ್ಲೇ ತಲೆ ನರೆತ ಹೆಂಗಸು ಆಕೆ; ಎಲ್ಲರೂ ಗೌರವದಿಂದ 'ಬು', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು.

"ಬು, ನಾನು ಸಿಮೆಂಟೂ ಕದ್ದಿಲ್ಲ, ಕಬ್ಬಿಣಾನೂ ಕದ್ದಿಲ್ಲ. ಕಂಬಿ ಕಟ್ಟಿ ಮುಗಿಸಿದ ದಿನವೇ ಅಮ್ಮ ತೀರ್ಕೊಂಡ್ಳು, ಮಣ್ಣು ಮಾಡೋಕೆ ಊರಿಗೆ ಹೋದೆ. ಕಾಂಕ್ರೀಟ್ ಹಾಕ್ಸಿದ್ದು ಯಜಮಾನ್ರ ತಮ್ಮ ಬಾಸ್ಕೊರೊ."

ಬು ಮುರ್ನಿ ಹಳೆಯ ಜೊತೆಗಾರ ತರ್ನೊನನ್ನು ಕರೆದುಕೊಂಡು ಹಾರ್ಜೊನೊನ ಮನೆಗೆ ಹೊರಟರು. ಮೇಲಂತಸ್ತಿನ ಬಾಗಿಲು ಈಗ ಬರಿಯ ಗಾಳಿಗೆ ತೆರೆದುಕೊಂಡಿತ್ತು. ಅದು ತಾನಾಗಿ ಬಡಿದುಕೊಂಡಾಗ ತರ್ನೊನ ಮೈ ಜುಮ್ಮೆಂದಿತು. ಬಾಲ್ಕನಿ ಬಿದ್ದ ಗಳಿಗೆಯಿಂದಲೇ ಪೊಲೀಸರು ಅವಶೇಷಕ್ಕೆ ತಾಡಪಾಲು ಹೊದಿಸಿ ಕಾಯುತ್ತಿದ್ದರು. ಅವರ ಒಪ್ಪಿಗೆ ಪಡೆದು, ಬು ಹೇಳಿದಂತೆ ತರ್ನೊ ಅದರ ಅಂಚನ್ನು ಎತ್ತಿದ. ಕಂಬಿಗೇನೂ ಕೊರತೆಯಿರಲಿಲ್ಲ, ಎಲ್ಲವೂ ಚಪ್ಪಡಿಯ ತಳಕ್ಕೆ ಅಂಟಿಕೊಂಡಿದ್ದವು.

"ನಾನು ಬ್ಯಾಂಕಿನವನು ಬು, ಸುಮ್ನೆ ನಿಂತಿದ್ದೆ ಅಷ್ಟೆ," ಎಂದ ಬಾಸ್ಕೊರೊ, ಕಂಬಿ ಕಾಂಕ್ರೀಟಿನ ಕೆಲಸದ ಬಗ್ಗೆ ಬು ಕೇಳಿದ್ದಕ್ಕೆ. "ಕಂಬಿ ವಿಷ್ಯ ನಂಗೇನ್ ಗೊತ್ತು?"

ಬು ಮರುದಿನವೆಲ್ಲ ಕೂಲಿಗಳನ್ನು ಹುಡುಕಿ ಮಾತಾಡಿಸಿದರು. ಏನು ತಿಳಿಯಿತೆಂದು ತರ್ನೊನಿಗೂ ಹೇಳಲಿಲ್ಲ.

ಸಾವಿನ ಏಳನೆಯ ದಿನದ ಪ್ರಾರ್ಥನೆಗೆ ಎಲ್ಲರೂ ಹಾರ್ಜೊನೊನ ಮನೆಯಲ್ಲಿ ಸೇರಿದರು, ಪೊಲೀಸರೂ ಬಂದಿದ್ದರು. ಗಿಯಾರ್ತೊ ಒಳಗೆ ಕಾಲಿಟ್ಟನೋ ಇಲ್ಲವೋ, ಬಾಸ್ಕೊರೊ ಸಿಡಿದೆದ್ದ. "ಈ ಅಯೋಗ್ಯನ್ನ ಯಾಕ್ ಬಿಟ್ಕೊಂಡ್ರಿ? ಕಂಬಿನೆಲ್ಲ ತಳಕ್ಕೆ ಹಾಕಿ ಅಣ್ಣನ್ನ ಕೊಂದವನು!"

ಬು ಅಡುಗೆಮನೆಯಿಂದ ಪನೀರಿನಂಥ ತೋಫುವಿನ ಉದ್ದನೆಯ ತುಂಡೊಂದನ್ನು ತರಿಸಿ, ಒಂದು ತುದಿಯನ್ನು ಅಂಗೈಯಲ್ಲಿ ಒತ್ತಿಹಿಡಿದು, ಮತ್ತೊಂದನ್ನು ಮೇಜಿನಂಚಿನಾಚೆ ತಳ್ಳಿದರು. ಅದು ಕೆಳಗೆ ಬಾಗಿತು, ಮೇಲುಗಡೆ ಬಿರಿಯಿತು, ಮುರಿದು ಬಿತ್ತು.

"ಕಾಂಕ್ರೀಟೂ ಹೀಗೇ. ಒತ್ತಿದ್ರೆ ಬಂಡೆ, ಎಳೆದ್ರೆ ಬಿರಿಯುತ್ತೆ. ಎಳೆತ ತಡೆಯೋದು ಉಕ್ಕು, ಅದಕ್ಕೇ ಒಳಗೆ ಹಾಕೋದು. ಕಾಂಕ್ರೀಟು ಅದನ್ನ ಗಟ್ಟಿಯಾಗಿ ಹಿಡ್ಕೊಳುತ್ತೆ. ಬಿಸಿಲಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಸಮ ಹಿಗ್ಗುತ್ವೆ, ಅದಕ್ಕೇ ಬಿಟ್ಟುಹೋಗಲ್ಲ. ಆದ್ರೆ ಎಳೆತ ಎಲ್ಲಿದೆಯೋ ಕಂಬಿ ಅಲ್ಲೇ ಇರ್ಬೇಕು. ಗೋಡೆಯಿಂದ ಚಾಚಿದ ಬಾಲ್ಕನಿಗೆ ಮೇಲ್ಗಡೆ. ಗಿಯಾರ್ತೊ ಅಲ್ಲೇ ಕಟ್ಟಿದ್ದ. ಕಾಂಕ್ರೀಟ್ ಸುರಿಯೋ ಮುಂಚೆ ಕಂಬಿಯನ್ನ ಮೇಲೆತ್ತಿ ಹಿಡಿದಿದ್ದ ಆಸರೆ ತೆಗೆಸಿದ್ದು ನೀನು ಅಂತ ಕೂಲಿಗಳು ಹೇಳಿದಾರೆ, ಬಾಸ್ಕೊರೊ. ಅಂದಿನಿಂದ ಬಾಲ್ಕನಿ ದಿನಾ ಇಷ್ಟಿಷ್ಟೇ ಬಿರೀತಿತ್ತು. ಮುಸ್ಸಂಜೆ ತಂಪಿಗೆ ಕುಗ್ಗುವಾಗ ನಿಂಗ್ಸಿಗೆ ಕೇಳಿಸಿದ್ದು ಅದೇ ನರಳಾಟ."

"ಕೂಲಿಗಳು ಸುಳ್ಳು ಹೇಳ್ತಾರೆ!"

"ಇರ್ಬಹುದು. ಆದ್ರೆ ತಾಡಪಾಲಿನ ಕೆಳಗೆ ನೋಡಿದ್ದು ಪೊಲೀಸ್ರು, ತರ್ನೊ, ನಾನು ಮಾತ್ರ. ಕಂಬಿ ತಳದಲ್ಲಿದೆ ಅಂತ ನಿಂಗೆ ಯಾರು ಹೇಳಿದ್ರು? ತಳದಲ್ಲಿದ್ರೆ ಬೀಳುತ್ತೆ ಅಂತ ಬ್ಯಾಂಕಿನವನಿಗೆ ಹೇಗೆ ಗೊತ್ತಾಯ್ತು?"

ಬಾಸ್ಕೊರೊ ಬುವಿನ ಕಡೆ ನೋಡಲೇ ಇಲ್ಲ. "ನಿನ್ನನ್ನ ಮೊದ್ಲು ಇಷ್ಟಪಟ್ಟಿದ್ದು ನಾನು, ನಿಂಗ್ಸಿ," ಎಂದ. "ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮದ್ವೆ ಆದ."

ನಿಂಗ್ಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು. "ಅಲ್ಲಿ ನಿಲ್ತಿದ್ದದ್ದು ನಿಮ್ಮಣ್ಣ ಒಬ್ರೇನಾ? ದಿನಾ ಬೆಳಿಗ್ಗೆ ಬಟ್ಟೆ ಒಣಗಿಸ್ತಿದ್ದೋಳು ನಾನು. ಈ ಮಗು ಇಟ್ಕೊಂಡು."

ಬಾಸ್ಕೊರೊ ಅವಳ ಹೊಟ್ಟೆಯನ್ನೊಮ್ಮೆ ನೋಡಿ ಕೆಳಗೆ ಕುಳಿತ. ಪೊಲೀಸರು ಎಬ್ಬಿಸುವವರೆಗೂ ಅವನು ನೆಲ ನೋಡುತ್ತಲೇ ಕುಳಿತಿದ್ದ.

"ದೆವ್ವ ಇರ್ಲಿಲ್ಲ ಅಂತಾಯ್ತಲ್ಲ ಬು," ಎಂದ ತರ್ನೊ, ಬೀದಿಗಿಳಿಯುತ್ತ.

ಬು ತಲೆಯೆತ್ತಿ ನೋಡಿದರು. ಇಕ್ಕೆಲದ ಮನೆಗಳಿಂದ ಬಾಲ್ಕನಿಗಳು ಚಾಚಿಕೊಂಡಿದ್ದವು. ತರ್ನೊ ನಡುರಸ್ತೆಗೆ ಸರಿದು, ಬೀದಿ ಮುಗಿಯುವವರೆಗೂ ಅಲ್ಲೇ ನಡೆದ.