ಬಲಗಡೆಯ ಹಿಂದಿನ ಚಕ್ರ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದ ರೇಸ್ ಕಾರಿನ ಮಾಲೀಕ ಕುರ್ಚಿಯಲ್ಲಿ ಕೂರಲೂ ಒಪ್ಪಲಿಲ್ಲ. ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ರೇಸ್. ಒಂದು ಗಂಟೆಗೆ ಶೆಡ್ಡಿಗೆ ಬೀಗ ಹಾಕಿ ಊಟಕ್ಕೆ ಹೋಗಿದ್ದ. ಎರಡೂವರೆಗೆ ಬಂದು ನೋಡಿದರೆ ಕಾರಿನ ಬಲಗಡೆಯ ಹಿಂದಿನ ಚಕ್ರವೇ ಇಲ್ಲ.

“ಪಕ್ಕದ ಶೆಡ್ಡಿನ ಮೆಕ್ಯಾನಿಕ್ಕೇ ಸಾರ್. ಹೋದ್ಸಲ ಸೋತಾಗಿನಿಂದ ಹಲ್ಲು ಮಸೀತಿದ್ದಾನೆ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ನಾಲ್ಕಕ್ಕೆ ಸ್ಥಳಕ್ಕೆ ಹೋದರು. ಬೀಗ ಮುರಿದಿರಲಿಲ್ಲ. ಕಾರಿನ ಒಂದು ಮೂಲೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಬೆಲೆಬಾಳುವ ಸಾಮಾನು ಒಂದೂ ಕದಲಿರಲಿಲ್ಲ. ಬಿಚ್ಚಿದ ನಟ್‌ಗಳನ್ನು ಕಳ್ಳ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಸೀಟಿನ ಮೇಲಿಟ್ಟು ಹೋಗಿದ್ದ.

“ಇಷ್ಟು ಅಚ್ಚುಕಟ್ಟು ನಮ್ಮನೇಲಿ ನನಗೂ ಇಲ್ಲ ಸಾರ್,” ಎಂದು ಹೆಡ್ ಕಾನ್‌ಸ್ಟೇಬಲ್ ಪಂಚನಾಮೆ ಬರೆಯತೊಡಗಿದ.

ಚಕ್ರ ಕೂರುವ ಹಬ್ಬಿನ ಮೇಲೆ ಒಂದು ತೆಳು ಅಲ್ಯೂಮಿನಿಯಂ ಬಿಲ್ಲೆ ಉಳಿದಿತ್ತು. ಅದೇನೆಂದು ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ. ಕಾರಿನ ಡ್ರೈವರ್, ಮೂವತ್ತರ ಆಸುಪಾಸಿನ ಹೆಂಗಸು, ಮೂಲೆಯಲ್ಲಿ ತುಟಿ ಕಚ್ಚಿ ನಿಂತಿದ್ದಳು.

“ಕೀ ಯಾರ್ಯಾರ ಹತ್ರ ಇದೆ?”

“ಓನರ್ ಹತ್ರ ಒಂದು. ನಂದು ಮನೇಲಿ, ಮೊಳೆಗೆ ನೇತುಹಾಕಿರ್ತೀನಿ.”

“ಮನೇಲಿ ಯಾರಿದ್ದಾರೆ?”

“ನಮ್ಮ ಮಾವ. ಯಜಮಾನ್ರು ಹಡಗಿನ ಕೆಲಸದಲ್ಲಿದ್ದಾರೆ.” ಅಷ್ಟು ಹೇಳಿ ಅವಳು ನೆಲ ನೋಡಿದಳು.

ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಪೊಲೀಸರನ್ನು ಕಂಡು ನಕ್ಕ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ಆ ಚಕ್ರ ನನ್ನ ಕಾರಿಗೆ ಕೂರೋದೇ ಇಲ್ಲ ಸಾರ್.”

“ಚಕ್ರ ಅಂದ್ಮೇಲೆ ಕೂರಲ್ವಾ?”

ಅವನು ಟೈರಿಲ್ಲದ ಒಂದು ಖಾಲಿ ಚಕ್ರವನ್ನು ಮಕಾಡೆ ಮಲಗಿಸಿ, ಮೇಲೆ ಬಂದ ಒಳಗಡೆಯ ಅಂಚಿಗೆ ಅಡ್ಡಲಾಗಿ ಪಟ್ಟಿಯಿಟ್ಟ. ಅಲ್ಲಿಂದ ಹಬ್ಬಿಗೆ ತಾಗುವ ಮುಖದವರೆಗೆ ಟೇಪು ಇಳಿಬಿಟ್ಟ. “ಇದು ಬ್ಯಾಕ್‌ಸ್ಪೇಸಿಂಗ್. ಕಡಿಮೆಯಾದ್ರೆ ಚಕ್ರ ಹೊರಗೆ ಚಾಚುತ್ತೆ, ಜಾಸ್ತಿಯಾದ್ರೆ ಒಳಗೆ ಸರಿಯುತ್ತೆ. ಅದೇ ಮುಖ ಚಕ್ರದ ಅಗಲದ ನಟ್ಟನಡುವಿಂದ ಎಷ್ಟು ದೂರ ಅನ್ನೋದು ಆಫ್‌ಸೆಟ್. ಇವೆರಡು ಹೊಂದದಿದ್ರೆ ಚಕ್ರ ಇದ್ದೂ ಇಲ್ಲದ ಹಾಗೆ.”

“ಹಬ್ಬಿನ ಮೇಲೆ ಒಂದು ಬಿಲ್ಲೆ ಇತ್ತಲ್ಲ?”

“ಸ್ಪೇಸರ್. ಒಳಗೆ ಸರಿದ ಚಕ್ರಾನ ಹೊರಗೆ ತಳ್ಳೋಕೆ. ಅಳತೆ ತಪ್ಪಿದ್ರೆ ಹಾಕ್ತಾರೆ.”

“ಬಲಗಡೆಯ ಹಿಂದಿನದನ್ನೇ ಯಾಕೆ ಕದೀತಾರೆ?”

“ನಮ್ಮ ಟ್ರ್ಯಾಕು ಎಡಕ್ಕೇ ತಿರುಗೋದು. ತಿರುವಿನಲ್ಲಿ ಭಾರ ಹೆಚ್ಚಾಗಿ ಅದರ ಮೇಲೇ ಬೀಳುತ್ತೆ.”

“ಅದು ಮುರಿದ್ರೆ?”

ಮೆಕ್ಯಾನಿಕ್ ನಗು ನಿಲ್ಲಿಸಿದ. “ಪಲ್ಟಿ ಸಾರ್.”

ಇನ್‌ಸ್ಪೆಕ್ಟರ್ ಟೇಪು, ಪಟ್ಟಿ ಎರವಲು ಪಡೆದು ಮೊದಲಿನ ಶೆಡ್ಡಿಗೆ ಮರಳಿದರು. ಗೋಡೆಗೆ ಒರಗಿದ್ದ ನಾಲ್ಕು ಖಾಲಿ ಚಕ್ರಗಳ ಮೇಲೂ ಸೀಮೆಸುಣ್ಣದಲ್ಲಿ ಅಂಗೈಯಗಲದ ‘೪’ ಬರೆದಿತ್ತು. ಅಳೆದರೆ ನಾಲ್ಕರ ಬ್ಯಾಕ್‌ಸ್ಪೇಸಿಂಗೂ ನಾಲ್ಕೂಕಾಲು ಇಂಚು. ಬಿಲ್ಲೆಯ ದಪ್ಪ ಸರಿಯಾಗಿ ಕಾಲಿಂಚು.

“ಈ ಅಂಕಿ ಬರೆದವರು ಯಾರಮ್ಮ?”

“ಮಾವ. ನಮ್ಮ ಚಕ್ರಗಳನ್ನೆಲ್ಲ ಅವರೇ ಬೆಸೆಯೋದು.”

“ಬಿಲ್ಲೆ ಹಾಕಿದ್ದು?”

ಅವಳ ಕಣ್ಣು ತುಂಬಿತು. “ನಾನು. ಒಂದು ವರ್ಷದಿಂದ. ಅವರಿಗೆ ಹೇಳ್ಬೇಡಿ ಸಾರ್, ಎದೆ ಒಡ್ಕೋತಾರೆ.”

ಐದು ಐವತ್ತಕ್ಕೆ ಪೊಲೀಸರಿಬ್ಬರೂ ಮಾವನ ವರ್ಕ್‌ಶಾಪಿನಲ್ಲಿದ್ದರು. ಎಪ್ಪತ್ತು ಸಮೀಪಿಸಿದ ವೆಲ್ಡರ್ ಸ್ಟೂಲಿನ ಮೇಲೆ ಕೂತಿದ್ದ. ಕಳುವಾದ ಚಕ್ರ ಟೈರು ಕಳಚಿ, ಅವನ ಕಾಲಬಳಿ ಎರಡು ಹೋಳಾಗಿ ಬಿದ್ದಿತ್ತು.

“ನೀವೇ ತಂದಿದ್ದಾ ಯಜಮಾನ್ರೇ?”

“ನಾನೇ. ಕೊಯ್ದಿದ್ದೂ ನಾನೇ. ಇನ್ಯಾರೂ ಅದನ್ನ ಹಾಕ್ಕೊಂಡು ಓಡಿಸಬಾರದು.”

“ಯಾಕೆ?”

ಅವನು ಇನ್‌ಸ್ಪೆಕ್ಟರ ಬೆರಳು ಹಿಡಿದು ಹೋಳಿನ ಮೇಲೆ ಎಳೆದ. ಮೂರು ಬೆರಳಗಲ ಬೆಸುಗೆ ಜೋಡಣೆಯನ್ನು ಬಿಟ್ಟು ಪಕ್ಕಕ್ಕೆ ಹರಿದಿತ್ತು. “ನಿನ್ನೆ ಎರಡು ಚಕ್ರ ಬೆಸೆದೆ. ಇದನ್ನ ಬೆಳಿಗ್ಗೆ ಕೊಟ್ಟುಬಂದೆ. ಆಮೇಲೆ ಇನ್ನೊಂದನ್ನ ಸವರಿದಾಗ ತಪ್ಪು ಕೈಗೆ ಸಿಕ್ತು. ಜೀವ ಬಾಯಿಗೆ ಬಂತು. ಕೀ ತಗೊಂಡು ಓಡಿದೆ.”

“ಸೊಸೆಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?”

“ಕಣ್ಣು ಕಾಣ್ತಿಲ್ಲ ಅಂತ ಹೇಳ್ಬೇಕಾಗ್ತಿತ್ತು. ಮಾವ ಬೆಸೆದದ್ದು ಮುರಿಯಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾಳೆ ಅವಳು.” ಅವನು ಕೈಯೊರೆಸಿಕೊಂಡ. “ಚಕ್ರ ತೆಗೆದಾಗ ಬಿಲ್ಲೆ ಕೈಗೆ ತಗುಲ್ತು. ನನ್ನ ಅಳತೆ ತಪ್ತಿರೋದು ಅವಳಿಗೆ ಮೊದಲೇ ಗೊತ್ತು ಅಂತ ಆಗ ತಿಳೀತು. ಅದಾದ್ಮೇಲಂತೂ ಮುಖ ತೋರಿಸೋ ಧೈರ್ಯ ಬರಲಿಲ್ಲ.”

ಇನ್‌ಸ್ಪೆಕ್ಟರ್ ಹೋಳುಗಳನ್ನೂ ಜೋಡಿ ಚಕ್ರವನ್ನೂ ಜಪ್ತಿ ಮಾಡಿ, ಆರು ಇಪ್ಪತ್ತಕ್ಕೆ ದಸ್ತಗಿರಿ ಮಾಡಿದರು. ಬೇಡಿ ತೆಗೆಯಹೊರಟ ಹೆಡ್ ಕಾನ್‌ಸ್ಟೇಬಲ್‌ಗೆ ಕಣ್ಣಲ್ಲೇ ಬೇಡವೆಂದರು. ಮೆಟ್ಟಿಲಿಳಿಯುವಾಗ ಅವನೇ ಮುದುಕನ ತೋಳು ಹಿಡಿದ.

ಠಾಣೆಗೆ ಸೊಸೆ ಬಂದಳು, ಹಿಂದೆಯೇ ಮಾಲೀಕ. ಜಪ್ತಿಯಾದ ಹೋಳನ್ನು ಹೊರಳಿಸಿ ನೋಡಿದ ಮಾಲೀಕ ಈ ಬಾರಿ ಕೇಳದೆಯೇ ಕುರ್ಚಿಯಲ್ಲಿ ಕೂತ.

“ಗೊತ್ತಿದ್ದೂ ಸುಮ್ಮನಿದ್ಯಲ್ಲಮ್ಮ,” ಎಂದ ಮುದುಕ.

“ನೀವು ಕೆಲಸ ಬಿಟ್ಟು ಮೂಲೇಲಿ ಕೂತ್ರೆ ನನಗೆ ನೋಡೋಕಾಗಲ್ಲ ಮಾವ. ಕಾಲಿಂಚು ತಾನೇ ಅಂದ್ಕೊಂಡೆ.”

“ಅಳತೆಗೆ ಬಿಲ್ಲೆ ಹಾಕ್ಬಹುದು ಕಣಮ್ಮ. ಬೆಸುಗೆಗೆ ಹಾಕೋಕಾಗಲ್ಲ.”

ಅವಳು ಅಳುತ್ತಲೇ ತಲೆಯಾಡಿಸಿದಳು. ಸೋಮವಾರ ಕಣ್ಣಾಸ್ಪತ್ರೆಗೆ ಹೋಗೋಣ ಎಂದಳು. ಜಾಮೀನಿನ ಕಾಗದಕ್ಕೆ ತಾನೇ ಸಹಿ ಹಾಕುವೆನೆಂದು ಮಾಲೀಕ ಗೊಣಗಿದ. ದಸ್ತಗಿರಿ ಪತ್ರದಲ್ಲಿ ಸಹಿಯ ಜಾಗ ಮುದುಕನಿಗೆ ಕಾಣಲಿಲ್ಲ. ಸೊಸೆ ಅವನ ಬೆರಳನ್ನು ಗೆರೆಯ ಮೇಲಿಟ್ಟಳು.

ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ‘ಕೃತ್ಯದ ಉದ್ದೇಶ’ ಎಂಬಲ್ಲಿ ಲಾಭವೆಂದೋ ದ್ವೇಷವೆಂದೋ ಬರೆದು ಅಭ್ಯಾಸವಾಗಿದ್ದ ಕೈ ತುಸು ತಡೆಯಿತು. ಆಮೇಲೆ ಬರೆದರು: “ತಾನು ಬೆಸೆದ ಚಕ್ರದಿಂದ ಸೊಸೆಯ ಪ್ರಾಣಕ್ಕೆ ಅಪಾಯವಾದೀತೆಂಬ ಭಯದಿಂದಲೂ, ದೃಷ್ಟಿ ಮಂದವಾಗಿರುವುದನ್ನು ಆಕೆಗೆ ಹೇಳಲು ನಾಚಿಯೂ ಆರೋಪಿಯು ಈ ಕೃತ್ಯ ಎಸಗಿರುವುದು ತನಿಖೆಯಿಂದ ಕಂಡುಬಂದಿದೆ.”