ಮುಂದಿನ ಸೀಟಿನ ನೀರಿನ ಕ್ಯಾನ್

ಕೆಂಪರಾಜ್ ಬೋರ್ಡಿನ ಕೊನೆಯ ನಟ್ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. "ಹೆಂಗಿದೆ ಮೇಡಂ?"

ಕೆ.ಆರ್. ಪುರದ ಕೆರೆಯಂಚಿನಲ್ಲಿ ದೋಣಿಯ ಹಗ್ಗ ಹಿಡಿದು ನಿಂತಿದ್ದ ನಂದಿತಾ "ಚೆನ್ನಾಗಿದೆ" ಎಂದಳು. ಅಕ್ಷರ ಮುದ್ದಾಗಿತ್ತು, ಅದೇನೋ ನಿಜ. ಆದರೆ ಬೋರ್ಡಿನಲ್ಲೊಂದು ತಪ್ಪಿತ್ತು. ಅಯ್ಯೋ, ಅದನ್ನು ಹೇಳದೆ ನುಂಗಿಕೊಂಡದ್ದು ಇದು ಏಳನೇ ಸಲ!

ಹಲಸೂರಿನಿಂದ ಇಲ್ಲಿಯವರೆಗೆ ಏಳು ಕೆರೆಗಳನ್ನು ಪೋಣಿಸಿ, ಹುಟ್ಟು ಹಾಕುವವರಿಗೊಂದು ನೀರದಾರಿ ಮಾಡಬೇಕೆಂಬುದು ಅವಳ ಹುಚ್ಚು. ಒಂದು ಕೆರೆ ದಾಟಿ, ದೋಣಿಯನ್ನು ಟೆಂಪೋಗೆ ಹಾಕಿ, ಮುಂದಿನದಕ್ಕೆ ಇಳಿಯಬೇಕು. ಎಲ್ಲಿ ದಡ ಹತ್ತಬೇಕೆಂದು ತೋರಿಸುವ ಬೋರ್ಡು ಬರೆಯಲು ಸಿಕ್ಕವನು ಹಲಸೂರಿನ ಪೇಂಟರ್ ಕೆಂಪರಾಜ್. ಭಾನುವಾರಕ್ಕೊಂದು ಬೋರ್ಡು. ಅವನು ಸ್ಕೂಟರಿನಲ್ಲಿ, ಅವಳು ನೀರಿನಲ್ಲಿ. ನೀರೆಂದರೆ ಅವನಿಗೆ ಭಯ.

ಅವಳದು ಇಬ್ಬರು ಕೂರುವ ದೋಣಿ. ಒಬ್ಬಳೇ ಕೂತರೆ ಅದರ ಮೂತಿ ಮೇಲೇಳುತ್ತದೆಂದು ಮುಂದಿನ ಸೀಟಿನಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇಡುತ್ತಿದ್ದಳು. ನಾಲ್ಕು ವರ್ಷದಿಂದ ಅದೇ ಅವಳ ಜೊತೆಗಾರ. ಅದರೊಡನೆ ಮಾತಾಡುವುದೂ ಇತ್ತು, ಪಾಪ. ಜೀವನ್ ಬಿಮಾ ನಗರದ ಮನೆಗೆ ಹೋದರೆ ಮಾತಾಡಿಸಲು ಅಷ್ಟೂ ಇರಲಿಲ್ಲ.

"ಇವತ್ತಿಗೆ ಮುಗೀತು" ಎಂದ ಕೆಂಪರಾಜ್. "ಮುಂದಿನ ಭಾನುವಾರ ನಿಮ್ಮ ದೋಣಿ ಜನ ಎಲ್ಲಾ ಬರ್ತಾರಲ್ವಾ?" ಕಣ್ಣೆತ್ತಿ ನೋಡಿದವನು ತಕ್ಷಣ ಸ್ಪ್ಯಾನರಿನ ಕಡೆ ತಿರುಗಿದ. ಕೆನ್ನೆಯ ಮೇಲೊಂದು ಹಳದಿ ಬಣ್ಣದ ಗೀರು.

ಇನ್ನೂ ಬಚ್ಚಿಟ್ಟರೆ ಬಂದವರೆಲ್ಲ ದಾರಿ ತಪ್ಪುತ್ತಾರೆ. ಹೇಳಿದರೆ ಇವನು ಮುನಿಸಿಕೊಂಡು ಹೋಗಿಬಿಡುತ್ತಾನೆ. ಹೋದರೆ ಮತ್ತೆ ಕ್ಯಾನೇ ಗತಿ.

"ರೀ, ಬೋರ್ಡು ಉಲ್ಟಾ ನಿಂತಿದೆ. ಏಳೂನೂ."

"ಏನ್ ಹಂಗಂದ್ರೆ? ರೋಡಿಗೆ ಮುಖ ಮಾಡಿದೀನಲ್ಲ!"

ಇಪ್ಪತ್ತು ವರ್ಷ ಅಂಗಡಿ ಬೋರ್ಡು ಬರೆದವನಿಗೆ ಬೋರ್ಡಿನ ಮುಖ ರಸ್ತೆಗಲ್ಲದೆ ಇನ್ನೆಲ್ಲಿಗೆ?

"ಓದೋರು ನೀರಲ್ಲಿರ್ತಾರೆ ಕಣ್ರೀ."

ಅವನ ಮುಖ ಇಳಿದುಹೋಯಿತು. "ಮೊದಲ್ನೇ ದಿನಾನೇ ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ. ಆಮೇಲೆ..." ಅವಳು ದೋಣಿಯ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. "ಆಮೇಲೆ, ಸರಿ ಮಾಡೋಕೆ ಮತ್ತೆ ಬರ್ತೀರಲ್ಲ ಅಂತ. ನೀವಿಲ್ಲದ ಭಾನುವಾರ ನನಗೆ ಬೇಡ, ಕೆಂಪರಾಜ್."

ಅವನು ಚಪ್ಪಲಿ ಬಿಟ್ಟು, ದೋಣಿಗೆ ಬಗ್ಗಿ, ಕ್ಯಾನನ್ನು ಎತ್ತಿ ದಡದ ಮೇಲಿಟ್ಟ. "ತೋರಿಸಿ, ನೀರಿಂದ ಹೆಂಗೆ ಕಾಣುತ್ತೆ ಅಂತ."

ಲೈಫ್ ಜಾಕೆಟ್ಟಿನ ಬಕಲ್ ಹಾಕುವಾಗ ಅವನ ಎದೆಬಡಿತ ಅವಳ ಬೆರಳಿಗೆ ತಾಗಿತು. ಹಾಗೆಯೇ ಕೆನ್ನೆಯ ಹಳದಿಯನ್ನೂ ಒರೆಸಿದಳು.

ಕೆರೆಯ ನಡುವೆ ಅವನು ಮೆಲ್ಲಗೆ ಕುತ್ತಿಗೆ ತಿರುಗಿಸಿದ. ದಡದಲ್ಲಿ ಬರೀ ತಗಡಿನ ಬೆನ್ನು. "ಥೂ, ನನ್ನ ಅಕ್ಷರ ಒಂದೂ ಕಾಣಲ್ವಲ್ರೀ!"

ಇಬ್ಬರೂ ನಕ್ಕರು. ದೋಣಿ ಅಲುಗಿತು. ಅವನು ಗಾಬರಿಯಿಂದ ಹಿಂದಕ್ಕೆ ಕೈ ಚಾಚಿ ಅವಳ ಕೈ ಹಿಡಿದುಕೊಂಡ.

"ಇವತ್ತಿಂದ ದಿನಕ್ಕೊಂದು ತಿರುಗಿಸ್ತೀನಿ. ಶನಿವಾರಕ್ಕೆ ಏಳೂ ಮುಗಿಯುತ್ತೆ."

"ಆಮೇಲೆ?" ಅವಳ ದನಿ ಕುಗ್ಗಿತು.

ಅವನು ಕೈ ಬಿಡಲಿಲ್ಲ. "ಭಾನುವಾರ ಆ ಕ್ಯಾನ್ ಮನೇಲೇ ಬಿಟ್ಟು ಬನ್ನಿ."